ಕೀಲಿ ತಿರುವಿದ ಪಾರ್ವತಿಬಾಯಿ

“ಕೀಲಿ ತಿರುವ್ರಿ ಅತ್ತೀ. ಪೂರಾ ಬ್ಯಾಡ, ಸ್ವಲ್ಪ ಮುಂದಕ್ಕ. ಅಷ್ಟ.”

ಪಾರ್ವತಿಬಾಯಿ ಡ್ರೈವರ್ ಸೀಟಿನ ತುದಿಯಲ್ಲಿ ಕುಳಿತು, ಕಾರು ತಾನಾಗಿ ಎಲ್ಲಿ ಓಡಿಹೋದೀತೋ ಎಂಬಂತೆ ಎಡಗೈಯಲ್ಲಿ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಎಪ್ಪತ್ನಾಲ್ಕು ವರ್ಷದಲ್ಲಿ ಆಕೆ ಅಂಥ ಸೀಟಿನಲ್ಲಿ ಕುಳಿತದ್ದು ಇದೇ ಮೊದಲು. ಪಕ್ಕದ ಸೀಟಿನಿಂದ ಬಾಗಿದ್ದ ಸೊಸೆ ಕಮಲಾಕ್ಷಿಯ ಕೈಯಲ್ಲಿ ಎರಡು ವೈರಿನ ತುದಿಗೆ ಬೆಸೆದ ಪುಟ್ಟ ಬಲ್ಬೊಂದಿತ್ತು.

“ಸಿಡೀತೈತೇನ ಇದು?”

“ಇಲ್ಲರಿ. ನಾ ವೈರಿಗೆ ಹಚ್ಚತೀನಿ, ನೀವು ಬಲ್ಬ್ ನೋಡ್ರಿ. ಕಂಡದ್ದು ಹೇಳ್ರಿ, ಸಾಕು.”

ರವಿವಾರ ಬೆಳಗಿನ ಎಂಟು ಗಂಟೆ. ಹನ್ನೊಂದಕ್ಕೆ ಸೂಗಪ್ಪ, ಅಂದರೆ ಪಾರ್ವತಿಬಾಯಿಯ ಹಿರಿಯ ಮಗ, ಗಿರಾಕಿಯನ್ನು ಕರೆದುಕೊಂಡು ಸನತ್‌ನಗರದ ಈ ಮನೆಗೆ ಬರುವವನಿದ್ದ. ಆ ಗಿರಾಕಿ ಕೆಟ್ಟು ನಿಂತ ಕಾರನ್ನು ಕೊಂಡು, ಕಟ್ಟಿ ಎಳೆದುಕೊಂಡು ಹೋಗುವವನಿದ್ದ.

ಗುರುವಾರ ಸಂಜೆ ಕಮಲಾಕ್ಷಿ ಕೆಲಸ ಮುಗಿಸಿ ಬರುವಾಗ ಬಾಲಾನಗರದ ಸಿಗ್ನಲ್ಲಿನಲ್ಲಿ ಕಾರು ನಿಂತುಬಿಟ್ಟಿತ್ತು. ಹಿಂದಿನಿಂದ ಊರಿಗೂರೇ ಹಾರ್ನ್ ಬಾರಿಸಿತು. ಒಬ್ಬ ಪೊಲೀಸ್, ಇಬ್ಬರು ಆಟೋದವರು ಸೇರಿ ಬದಿಗೆ ತಳ್ಳಿದರು. ಬಂದು ನೋಡಿದ ಮೆಕ್ಯಾನಿಕ್ಕು ವೈರಿಂಗ್ ಪೂರಾ ಸುಟ್ಟಿದೆ, ಕೈ ಹಾಕಬೇಡಿ ಅಂದ. ಅಬಿಡ್ಸಿನ ತನ್ನ ಬಟ್ಟೆ ಅಂಗಡಿಯಿಂದ ಸೂಗಪ್ಪ ಅರ್ಧ ತಾಸಿನಲ್ಲಿ ಹಾಜರಾದ. “ಹೆಣ್ಮಕ್ಕಳ ಕೈಯಾಗ ಗಾಡಿ ಕೊಟ್ರ ಮತ್ತೇನಾಗತೈತಿ? ಕೆಡಿಸಿ ಇಟ್ಟಾಳ. ಬಂದಷ್ಟಕ್ಕ ಮಾರಿ ಕೈ ತೊಳಕೊಳ್ರಿ.”

ಕಾರು ಕೊಂಡದ್ದು ಕಮಲಾಕ್ಷಿಯ ಪಗಾರದಲ್ಲಿ. ಕಾಗದದಲ್ಲಿದ್ದದ್ದು ಗಂಡ ಚನ್ನಬಸಪ್ಪನ ಹೆಸರು, ಯಾಕೆಂದರೆ ಫಾರ್ಮ್ ತುಂಬುವ ದಿನ ಪೆನ್ನು ಸೂಗಪ್ಪನ ಕೈಯಲ್ಲಿತ್ತು. ಈ ಮನೆಯಲ್ಲಿ ಮದುವೆಯಿಂದ ಹಿಡಿದು ಗ್ಯಾಸ್ ಸಿಲಿಂಡರಿನವರೆಗೆ ಹೇಳುವವನು ಸೂಗಪ್ಪ, ತಲೆ ಆಡಿಸುವವನು ಚನ್ನಬಸಪ್ಪ. ಅವತ್ತೂ ಆಡಿಸಿದ. ಕಮಲಾಕ್ಷಿಗೆ ಅಂಗಾಲಿನಿಂದ ನೆತ್ತಿಗೆ ಉರಿ ಏರಿತು.

“ರವಿವಾರ ಹನ್ನೊಂದರತನಕ ಟೈಮ್ ಕೊಡ್ರಿ ಭಾವಾರ. ಚಾಲೂ ಆತಂದ್ರ ಕಾರು ಮಾರಾಂಗಿಲ್ಲ.”

ಸೂಗಪ್ಪ ಹೊಟ್ಟೆ ಕುಣಿಯುವಂತೆ ನಕ್ಕ. “ಆತು ತಗೋ. ಅವ್ವನ ಮುಂದ ಮಾತು ಕೊಟ್ಟೀನಿ.”

ಕಮಲಾಕ್ಷಿ ಬಾಲಾನಗರದ ಸರಕಾರಿ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ವಿಮಾನದ ಉಪಕರಣಗಳಿಗೆ ವೈರಿನ ಕಟ್ಟು ಜೋಡಿಸುತ್ತಿದ್ದಳು. ಮನೆಯವರ ಬಾಯಲ್ಲಿ ಅದು “ವೈರ್ ಕಟ್ಟೂ ಕೆಲಸ”, ಮಲ್ಲಿಗೆ ಮಾಲೆ ಕಟ್ಟಿದ ಹಾಗೆ. ಅಲ್ಲಿ ಎರಡು ಕಟ್ಟಳೆ. ಕೆಟ್ಟದ್ದು ಯಾವುದೆಂದು ರುಜುವಾತಾಗುವ ತನಕ ಏನನ್ನೂ ಬಿಚ್ಚಿ ಬದಲಿಸುವಂತಿಲ್ಲ. ಕೆಲಸ ಮಾಡಿದವರು ತಮ್ಮ ಕೆಲಸಕ್ಕೆ ತಾವೇ ಸೈ ಅನ್ನುವಂತಿಲ್ಲ, ಇನ್ನೊಬ್ಬರು ಕಣ್ಣಾರೆ ನೋಡಿ ಮುದ್ರೆ ಒತ್ತಬೇಕು. ಹಾಗಾಗಿ ಮೊದಲು ಗಂಡನನ್ನು ಕರೆದಳು. “ಅಣ್ಣ ಏನಂತಾನೋ, ನನಗ್ಯಾಕ ಬೇಕು” ಎಂದು ಅವನು ಪೇಪರಿನ ಹಿಂದೆ ಸರಿದ. ಉಳಿದವಳು ಅತ್ತೆ. ಪಾರ್ವತಿಬಾಯಿ ಗುರುವಾರದಿಂದ ಹಾಂ ಅಂದಿರಲಿಲ್ಲ, ಹೂಂ ಅಂದಿರಲಿಲ್ಲ. ಸೂಗಪ್ಪನ ಮಾತಿಗಿಂತ ಆ ಮೌನದಿಂದಲೇ ಕಮಲಾಕ್ಷಿಗೆ ಹೆಚ್ಚು ನೋವಾಗಿತ್ತು. ಆದರೂ ಕರೆದಳು.

ಹಾರ್ನ್ ಕೂಗುತ್ತಿತ್ತು, ಹೆಡ್‌ಲೈಟ್ ಉರಿಯುತ್ತಿತ್ತು. ಅಂದರೆ ಬ್ಯಾಟರಿ ಗಟ್ಟಿ. ಕೀಲಿ ತಿರುವಿದರೆ ಮಾತ್ರ ನಡೆಯುವ ವೈಪರು, ಫ್ಯಾನು ಎಲ್ಲ ಸತ್ತಿದ್ದವು. ಕೀಲಿ ತೂರುವ ಬೀಗದ ಬೆನ್ನಿಗೆ ಅಂಟಿಕೊಂಡ ಸಣ್ಣ ಸ್ವಿಚ್ಚಿನ ಮೇಲೆ ಅವಳಿಗೆ ಅನುಮಾನ. ನಿನ್ನೆ ಅಂಗಡಿಯವನು ಸ್ವಿಚ್ಚಿನ ಡಬ್ಬಿ ಕೊಡುತ್ತ “ಮೆಕಾನಿಕ್ ಎವರಮ್ಮಾ?” ಎಂದು ತೆಲುಗಿನಲ್ಲಿ ಕೇಳಿದ್ದ, ಮೆಕ್ಯಾನಿಕ್ ಯಾರು ಅಂತ. “ನೇನೇ”, ನಾನೇ, ಎಂದು ಎದೆ ಮುಟ್ಟಿಕೊಂಡು ಹೇಳಿ ಬಂದಿದ್ದಳು. ಆ ಡಬ್ಬಿಯನ್ನು ಇನ್ನೂ ಒಡೆದಿರಲಿಲ್ಲ.

ಬ್ಯಾಟರಿಯಿಂದ ಸ್ವಿಚ್ಚಿಗೆ ಬರುವ ದಪ್ಪ ವೈರಿಗೆ ಬಲ್ಬು ಹಚ್ಚಿದಳು.

“ಹತ್ತೈತಿ,” ಅಂದಳು ಪಾರ್ವತಿಬಾಯಿ.

ಸ್ವಿಚ್ಚಿನಿಂದ ಹೊರಗೆ ಹೋಗುವ ವೈರಿಗೆ ಹಚ್ಚಿದಳು.

“ಇಲ್ಲ.”

“ಕೀಲಿ ಜರಾ ಅಲಗಾಡಸ್ರಿ.”

“ಹತ್ತಿತು... ಆರಿತು. ಮತ್ತ ಹತ್ತಿತು ನೋಡ. ಮತ್ತ ಹೋತು.” ಮುದುಕಿ ಕನ್ನಡಕ ಮೇಲೇರಿಸಿದಳು. “ಒಳಗ ಬರೂದು ಬರಾಕತ್ತೈತಿ, ಹೊರಗ ಬಿಡವಲ್ದು. ಹಂಗಾದ್ರ ನಡುವ ಕುಂತದ್ದ ಕೆಟ್ಟೈತಿ ಅಲ್ಲೇನ?”

“ಹೌದ್ರಿ ಅತ್ತೀ,” ಅಂದಳು ಕಮಲಾಕ್ಷಿ. ಮೂರು ದಿನದಲ್ಲಿ ‘ಕೆಡಿಸಿದವಳು’ ಅನ್ನದೆ ‘ಕೆಟ್ಟೈತಿ’ ಅಂದವರು ಇವರೊಬ್ಬರೇ.

ಬ್ಯಾಟರಿಯ ವೈರು ಕಳಚಿ, ಎರಡು ಸಣ್ಣ ಸ್ಕ್ರೂ ಬಿಚ್ಚಿದಳು. ಸ್ವಿಚ್ಚು ಕೈಗೆ ಬಂತು. ಒಳಗಿನ ತಾಮ್ರ ಹಂಚಿನ ತಳದ ಹಾಗೆ ಕಪ್ಪಾಗಿತ್ತು, ಪ್ಲಾಸ್ಟಿಕ್ಕು ಕರಗಿತ್ತು. ಹೊರಗೆ ಹೋಗುವ ವೈರಿನ ಮೇಲೆ ಯಾರೋ ಟೇಪು ಸುತ್ತಿದ್ದರು. ಬಿಡಿಸಿದರೆ ಇನ್ನೊಂದು ವೈರು ಹೊಸೆದುಕೊಂಡಿದೆ. ಅದರ ಜಾಡು ಹಿಡಿದು ಹೋದಳು, ಬಂಪರಿನ ಮೇಲಿನ ಎರಡು ದೊಡ್ಡ ಫಾಗ್ ಲೈಟಿಗೆ ಹೋಗಿ ಮುಟ್ಟಿತು. ಹೋದ ವರ್ಷ ಕಲಬುರಗಿಗೆಂದು ಕಾರು ಒಯ್ದಿದ್ದ ಸೂಗಪ್ಪ, ಶೋಭೆಗಿರಲಿ ಎಂದು ಹಾಕಿಸಿ ತಂದಿದ್ದ. ಕಲಬುರಗಿಯ ದಾರಿಯಲ್ಲಿ ಅಷ್ಟು ಮಂಜು ಎಲ್ಲಿಂದ ಬರಬೇಕು! ಆ ದೀಪಗಳ ಭಾರ ಹೊತ್ತು ಹೊತ್ತೇ ಸ್ವಿಚ್ಚು ಸುಟ್ಟಿತ್ತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ಒಬ್ಬ, ಉಂಡವಳು ಇನ್ನೊಬ್ಬಳು.

“ಅದು ನಮ್ಮ ಸೂಗಪ್ಪ ಹಾಕಿಸಿದ್ದಲ್ಲೇನ?”

“ಹೌದ್ರಿ.”

ಕಮಲಾಕ್ಷಿ ಆ ವೈರನ್ನು ಕತ್ತರಿಸಿ, ಉಳಿದ ತುದಿಗೆ ಟೇಪು ಸುತ್ತಿದಳು. ಡಬ್ಬಿ ಒಡೆದು ಹೊಸ ಸ್ವಿಚ್ಚು ಕೂರಿಸಿದಳು, ಬ್ಯಾಟರಿ ಜೋಡಿಸಿದಳು, ಗೇರು ನ್ಯೂಟ್ರಲ್ಲಿನಲ್ಲಿದೆಯೇ ಎಂದು ಎರಡು ಸಲ ಅಲುಗಿಸಿ ನೋಡಿದಳು.

ಹತ್ತೂವರೆಗೇ ಗೇಟು ಸದ್ದಾಯಿತು. ಗಿರಾಕಿಯನ್ನು ಹಿಂದಿಟ್ಟುಕೊಂಡು ಸೂಗಪ್ಪ ಬಂದ. “ಏನವಾ ಕಮಲಾ, ವಿಮಾನ ಹಾರಿತೇನ?”

“ತಿರುವ್ರಿ ಅತ್ತೀ,” ಅಂದಳು ಕಮಲಾಕ್ಷಿ. “ಈಗ ಪೂರಾ.”

ಪಾರ್ವತಿಬಾಯಿ ಕಣ್ಣು ಮುಚ್ಚಿ ತಿರುವಿದಳು. ಇಂಜಿನ್ನು ಒಂದೇ ಏಟಿಗೆ ಎದ್ದಿತು. “ಬಿಡ್ರಿ, ಕೀಲಿ ಬಿಡ್ರಿ!” ಅಂದಾಗ ಕೈ ತೆಗೆದು, ಆ ಕೈಯನ್ನೇ ಒಮ್ಮೆ ನೋಡಿಕೊಂಡಳು.

ಸೂಗಪ್ಪನ ನಗು ಇಳಿಯಿತು. “ಇವತ್ತ ಆತು, ನಾಳೆ ಮತ್ತ ನಿಂದರತೈತಿ. ಇವರಿಗೆ ಮಾತು ಕೊಟ್ಟೀನಿ ನಾ. ಚನ್ನಬಸು, ಕಾಗದ ತಾ.”

ಕಮಲಾಕ್ಷಿ ಕಾರಿನಿಂದಿಳಿದು, ಸುಟ್ಟ ಸ್ವಿಚ್ಚನ್ನೂ ಕತ್ತರಿಸಿದ ವೈರನ್ನೂ ಅವನೆದುರು ಬಾನೆಟ್ಟಿನ ಮೇಲಿಟ್ಟಳು. “ನಾ ಕೆಡಿಸಿಲ್ಲ ಭಾವಾರ. ಕಾರು ಮಾರಾಂಗಿಲ್ಲ.”

“ನೀ ಅಂದ್ರ ಆತೇನ?”

“ನಾ ಅಂತೀನಿ,” ಅಂದಳು ಪಾರ್ವತಿಬಾಯಿ, ಡ್ರೈವರ್ ಸೀಟಿನಿಂದಲೇ. “ಬಲ್ಬ್ ನಾ ನೋಡೀನಿ. ನಿನ್ನ ಲೈಟಿನ ವೈರೂ ನೋಡೀನಿ. ಇವರಿಗೆ ಕೊಟ್ಟದ್ದು ಮಾತು, ನನ್ನ ಮುಂದ ಕೊಟ್ಟದ್ದು ಏನದು?”

ಸೂಗಪ್ಪ ತಮ್ಮನ ಕಡೆ ತಿರುಗಿದ. ಚನ್ನಬಸಪ್ಪ ಕಟ್ಟೆಯ ಮೇಲೆ ಎದ್ದು ನಿಂತಿದ್ದ. ತಲೆ ಆಡಲಿಲ್ಲ. “ಕಾಗದ ಒಳಗ ಇರಲಿ ಬಿಡಣ್ಣ,” ಅಂದ, ಪೇಪರು ಮಡಚುತ್ತ. ದನಿ ಸಣ್ಣದಿತ್ತು, ಆದರೆ ಕೇಳಿಸುವಷ್ಟಿತ್ತು. ಗಿರಾಕಿ ಮೊಬೈಲು ನೋಡುತ್ತ ಗೇಟಿನಾಚೆ ನಡೆದ.

ಪಾರ್ವತಿಬಾಯಿ ಇಳಿದು, ಕಾರು ಸುತ್ತಿ ಬಂದು ಪಕ್ಕದ ಸೀಟಿಗೆ ಹತ್ತಿದಳು. “ಬಾ ಕಮಲಾ. ಅವತ್ತ ಎಲ್ಲಿ ನಿಂತಿತ್ತಲಾ, ಆ ಸಿಗ್ನಲ್‌ತನಕ ಹೋಗಿ ಬರೂಣು. ಮಂದಿ ನೋಡಲಿ.”

ಕಾರು ಹಾರ್ನ್ ಬಾರಿಸುತ್ತ ಬಾಲಾನಗರದ ಕಡೆ ತಿರುಗಿತು. ಅದು ನಿಂತಿದ್ದ ಜಾಗದ ಪಕ್ಕದಲ್ಲಿ, ಹತ್ತುವ ಮುನ್ನ ಹೊಸ್ತಿಲಾಚೆ ಬಿಡುವ ಹಾಗೆ ಒತ್ತಾಗಿ ಬಿಟ್ಟ ಅವ್ವನ ಚಪ್ಪಲಿ ಜೋಡಿ ಉಳಿದಿತ್ತು. ಬಿಸಿಲು ಆಗಲೇ ಅವುಗಳ ಮೇಲೆ ಬಂದಿತ್ತು. ಸೂಗಪ್ಪ ಬಾಗಿ, ಎರಡನ್ನೂ ಎತ್ತಿ ಕಟ್ಟೆಯ ನೆರಳಿಗೆ ತಂದಿಟ್ಟ.