ದ್ವೀಪದ ಮೇಲೆ 'ರೀ' ಅನ್ನುವಂತಿಲ್ಲ

ನನ್ನ ತುರುಬಿನ ಮೇಲೆ ಹೆಲ್ಮೆಟ್ ಕೂರುವುದಿಲ್ಲ ಎಂದು ಬಡಕೊಂಡೆ. ಸೈಕಲ್ ಬಾಡಿಗೆಗೆ ಕೊಡುವ ಹುಡುಗಿ ಕೇಳಲಿಲ್ಲ. ಹೆಲ್ಮೆಟ್ ಇಲ್ಲದಿದ್ದರೆ ಸೈಕಲ್ ಇಲ್ಲ ಎಂದು ನಗುನಗುತ್ತಲೇ ಹೇಳಿ ಕೈಕಟ್ಟಿ ನಿಂತುಬಿಟ್ಟಳು. ಕೊನೆಗೆ ನನ್ನ ತಮ್ಮನ ಹೆಂಡತಿ ಮಾಧುರಿ ಅಲ್ಲೇ ಅಂಗಡಿಯ ಮುಂದೆ ನನ್ನ ತುರುಬು ಬಿಚ್ಚಿ ಜಡೆ ಹೆಣೆದಳು. ಅರವತ್ತು ದಾಟಿದ ನಾನು, ಚನ್ನಬಸವ್ವ, ಬೆನ್ನ ಮೇಲೆ ಜಡೆ ಇಳಿಬಿಟ್ಟು, ತಲೆಗೆ ಹಳದಿ ಹೆಲ್ಮೆಟ್ ಏರಿಸಿ, ಆಸ್ಟ್ರೇಲಿಯಾದ ಫಿಲಿಪ್ ದ್ವೀಪದ ಕೌಸ್ ಊರಿನ ನಡುಬೀದಿಯಲ್ಲಿ ನಿಂತೆ. ನೋಡಿ ಮೊದಲು ನಕ್ಕವರು ನಮ್ಮವರೇ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ಅವರು ನಕ್ಕು ಬಹಳ ದಿನವಾಗಿತ್ತು.

ಕಳೆದ ಚಳಿಗಾಲದಲ್ಲಿ ನಮ್ಮವರ ಎದೆಗೆ ಸ್ಟೆಂಟ್ ಹಾಕಿದರು. ಡಾಕ್ಟರು ಎಲ್ಲಾ ಸರಿಯಾಗಿದೆ, ಓಡಾಡಿ, ಸೈಕಲ್ ಹೊಡೆಯಿರಿ ಎಂದು ಬೆನ್ನು ತಟ್ಟಿ ಕಳಿಸಿದ್ದರು. ಇವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಟೂಂಗಾಬಿಯ ನಮ್ಮ ಮನೆಯಲ್ಲಿ ಸೋಫಾ ಹಿಡಿದು ಕೂತವರು ಗೇಟಿನ ಲೆಟರ್‌ಬಾಕ್ಸ್ ದಾಟಿ ಹೋಗುತ್ತಿರಲಿಲ್ಲ. ಧಾರವಾಡದಲ್ಲಿ ಹುಡುಗನಾಗಿದ್ದಾಗ ಡಬಲ್ ಸೀಟ್ ಹಾಕಿಕೊಂಡು ಸಪ್ತಾಪುರದ ಏರು ಹತ್ತುತ್ತಿದ್ದ ಮನುಷ್ಯ, ಈಗ ನಮ್ಮ ದೇಶದವರ ಅಂಗಡಿ ಸಾಲಿರುವ ಹ್ಯಾರಿಸ್ ಪಾರ್ಕಿಗೆ ಮಿರ್ಚಿ ತಿನ್ನಲು ಕರೆದರೂ ಎದೆಯ ಮೇಲೆ ಕೈ ಇಟ್ಟುಕೊಂಡು, "ಬ್ಯಾಡ, ಏನರೇ ಆದೀತು" ಎನ್ನುತ್ತಿದ್ದರು. ಕಾಯಿಲೆ ವಾಸಿಯಾದರೂ ಹೆದರಿಕೆ ವಾಸಿಯಾಗಿರಲಿಲ್ಲ. ಆ ಸೋಫಾ ಕಂಡರೆ ನನಗೆ ಸವತಿಯನ್ನು ಕಂಡಷ್ಟು ಉರಿಯುತ್ತಿತ್ತು.

ಮೆಲ್ಬರ್ನ್‌ನಲ್ಲಿರುವ ನನ್ನ ತಮ್ಮ ವಿರುಪಾಕ್ಷ ಮಾರ್ಚ್ ತಿಂಗಳ ಲಾಂಗ್ ವೀಕೆಂಡಿಗೆ ದ್ವೀಪದಲ್ಲಿ ಮನೆ ಬುಕ್ ಮಾಡಿದ್ದೇನೆ, ಬನ್ನಿ ಎಂದಾಗ ನಾನು ಇವರನ್ನು ಕೇಳಲೇ ಇಲ್ಲ. ಟಿಕೆಟ್ ತೆಗೆಸಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ, ಇವರ ಬ್ಯಾಗನ್ನೂ ನಾನೇ ತುಂಬಿದೆ. ಈ ಸಲ ಇವರನ್ನು ಸೈಕಲ್ ಹತ್ತಿಸಬೇಕು, ಇಲ್ಲದಿದ್ದರೆ ಉಳಿದ ಆಯುಷ್ಯವೆಲ್ಲ ಸೋಫಾದ ಮೇಲೇ ಕಳೆಯುತ್ತಾರೆ ಎಂದು ನನಗೆ ಖಾತ್ರಿಯಾಗಿತ್ತು.

ನಮ್ಮವರು, ಇವರು ಎಂದೇ ಬರೆಯುತ್ತಿದ್ದೇನೆ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಲೇಬೇಕೆಂದರೆ ಒಡಪು ಹಾಕಿ, ಎಂದರೆ ಪ್ರಾಸದ ಸಾಲೊಂದು ಕಟ್ಟಿ, ಅದರೊಳಗೆ ಹೆಸರು ಸುತ್ತಿ ಹೇಳಬೇಕು. ಮನೆ ಹತ್ತಿರದ ಬ್ಲ್ಯಾಕ್‌ಟೌನಿನ ಆಫೀಸುಗಳಲ್ಲಿ ಗಂಡನ ಹೆಸರು ಕೇಳಿದರೆ ನಾನು ಸುಮ್ಮನೆ ಅವರ ಲೈಸೆನ್ಸ್ ಮುಂದೆ ಹಿಡಿದುಬಿಡುತ್ತೇನೆ. ಆಸ್ಟ್ರೇಲಿಯಾಕ್ಕೆ ಬಂದು ಇಷ್ಟು ವರ್ಷವಾಯಿತು, ಜೀನ್ಸ್ ಹಾಕಿದ್ದೇನೆ, ಬಾರ್ಬೆಕ್ಯೂದಲ್ಲಿ ಜೋಳ ಸುಟ್ಟಿದ್ದೇನೆ, ಆದರೆ ಆ ಹೆಸರಿಗೆ ಮಾತ್ರ ನಾಲಿಗೆ ಹೊರಳಿಲ್ಲ. 'ರೀ' ಎಂದರೆ ಅವರು ತಿರುಗಿ ನೋಡುತ್ತಾರೆ, ಅಷ್ಟು ಸಾಕಿತ್ತು.

ದ್ವೀಪದಲ್ಲಿ ಮೊದಲ ಸಂಜೆ ಪೆಂಗ್ವಿನ್‌ಗಳನ್ನು ನೋಡಲು ಹೋದೆವು. ಗೇಣುದ್ದದ ಹಕ್ಕಿಗಳು. ಸಮುದ್ರದಿಂದ ಎದ್ದು ಬಂದು, ಮದುವೆ ಮನೆ ಬಾಗಿಲಿಗೆ ಬಂದ ಬೀಗರ ಹಾಗೆ ದಂಡೆಯಲ್ಲೇ ಗುಂಪುಗೂಡಿ, ನೀವು ನಡೀರಿ, ಛೇ ಛೇ ನೀವೇ ನಡೀರಿ ಎನ್ನುತ್ತಾ ನಿಂತಿದ್ದವು. ಇವರು ಕಂಬಳಿ ಹೊದ್ದು ಕೂತೇ ನೋಡಿದರು. ಮರುದಿನ ಬೆಳಿಗ್ಗೆ ಜೆಟ್ಟಿಯ ತುದಿಯವರೆಗೆ ನಡೆದೂ ಬಂದರು. ಅದೇ ಹುಮ್ಮಸ್ಸಿನಲ್ಲಿ ಸೈಕಲ್ ಅಂಗಡಿಗೆ ಎಳೆದುಕೊಂಡು ಹೋದೆವು. ನನ್ನ ಹೆಲ್ಮೆಟ್ ನೋಡಿ ನಕ್ಕ ಭರದಲ್ಲಿ ಅವರೂ ಒಂದು ನೀಲಿ ಸೈಕಲ್ ಹತ್ತಿದರು.

ಒಟ್ಟು ಆರು ಜನ. ನಾವಿಬ್ಬರು, ವಿರುಪಾಕ್ಷ, ಮಾಧುರಿ, ಮತ್ತೆ ಅವರ ಪಕ್ಕದ ಮನೆಯ ಬೆಂಗಳೂರಿನ ಜೋಡಿ ಗೌತಮ್ ಮತ್ತು ಗಗನಾ. ಸಮುದ್ರದ ಪಕ್ಕದ ದಾರಿ, ದೊಡ್ಡ ದೊಡ್ಡ ಸೈಪ್ರಸ್ ಮರಗಳ ನೆರಳು, ಚಪ್ಪಟೆ ನೆಲ. ಇವರು ಸ್ವಲ್ಪ ತೂರಾಡಿದರು, ಆಮೇಲೆ ಸರಿಹೋದರು. ಹಿಂದಿನಿಂದ ಅವರ ಬೆನ್ನು ನೋಡುತ್ತಾ ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಹುಲ್ಲಿನ ಮೇಲೆ ಬೂದು ಬಣ್ಣದ ಬಾತುಗಳ ಹಿಂಡು ಕಂಡಿತು. ಇಂಥ ಜಾಗದಲ್ಲಿ ಇವರ ಒಂದು ಫೋಟೋ ತೆಗೆಯದಿದ್ದರೆ ಹೇಗೆ ಎನಿಸಿ ಹೊಟ್ಟೆಯಿಂದ ಕೂಗಿದೆ.

"ರೀ! ನಿಲ್ರೀ!"

ಇವರಿಗಿಂತ ಮುಂದಿದ್ದ ನನ್ನ ತಮ್ಮ ಗಕ್ಕನೆ ಬ್ರೇಕ್ ಹಾಕಿದ. ಮದುವೆಯಾದಾಗಿನಿಂದ ಹೆಣ್ಣುದನಿಯಲ್ಲಿ 'ರೀ' ಎಂದು ಕೇಳಿದರೆ ನಿಂತುಬಿಡುವುದು ಅವನಿಗೆ ಅಭ್ಯಾಸ. ಇವರು ಹೋಗಿ ಅವನಿಗೆ ಗುದ್ದಿದರು, ಸೈಕಲ್ ಒಂದು ಕಡೆ, ಇವರು ಪೊದೆಯಲ್ಲಿ. ಬಾತುಗಳು ಬೈಯುತ್ತಾ ಹಾರಿದವು.

ಗಾಯವೇನೂ ಆಗಲಿಲ್ಲ, ಮೊಣಕೈ ಮಾತ್ರ ತರಚಿತ್ತು. ಆದರೆ ಇವರ ಮುಖ ಬಿಳಿಚಿ ಹೋಗಿತ್ತು. ಬೆಂಚಿನ ಮೇಲೆ ಕೂತು ಎದೆ ಮುಟ್ಟಿ ಮುಟ್ಟಿ ನೋಡಿಕೊಂಡರು. "ಮುಗೀತು. ಇನ್ನ ನಾ ಹತ್ತಂಗಿಲ್ಲ. ನನ್ನ ಮನಿಗೆ ಬಿಡ್ರಿ," ಎಂದರು.

ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಹತ್ತಿಸಿದವಳೂ ನಾನೇ, ಕೆಡವಿದವಳೂ ನಾನೇ!

ಅಂದು ಸಂಜೆ ಮನೆಯಲ್ಲಿ ಚಹಾ ಕುಡಿಯುವಾಗ ಗಗನಾ ಪಂಚಾಯ್ತಿ ಶುರು ಮಾಡಿದಳು. ಆ ಹುಡುಗಿ ಗಂಡನನ್ನು 'ಲೋ ಗೌತಮ್' ಎಂದೇ ಕರೆಯುವುದು.

"ಆಂಟಿ, ಪ್ರಾಬ್ಲಮ್ ಸಿಂಪಲ್. ನೀವಿಬ್ರೂ 'ರೀ' ಅಂತೀರ, ಇಬ್ರು ಗಂಡಂದಿರೂ ಬ್ರೇಕ್ ಹಾಕ್ತಾರೆ. ಈ ಐಲ್ಯಾಂಡ್ ಮೇಲೆ 'ರೀ' ಬ್ಯಾನ್. ಹೆಸರು ಹಿಡ್ದು ಕರೆದ್ರೆ ಮಾತ್ರ ನಿಲ್ಲೋದು. 'ರೀ' ಅಂದ್ರೆ ಕೇಳಿಸ್ಲೇ ಇಲ್ಲ ಅಂತ ಹೋಗ್ತಾ ಇರೋದು. ಅಂಕಲ್, ಓಕೆ ನಾ?"

ಮೂಲೆಯಲ್ಲಿ ಮುದುಡಿಕೊಂಡಿದ್ದ ಇವರು ಮೊದಲ ಬಾರಿಗೆ ತಲೆ ಎತ್ತಿದರು. "ಅಂದ್ರ ಇಕಿ ಒದರೂದು ಬಂದ್ ಆಗತದ?" ಎಂದು ಕೇಳಿದರು.

"ಟೋಟಲ್ ಬಂದ್, ಅಂಕಲ್."

ಮಾಧುರಿ ಆಗಲೇ ಅಭ್ಯಾಸಕ್ಕೆ ಇಳಿದಳು. "ವಿರುಪಾಕ್ಷಾ, ಸ್ವಲ್ಪ ಸಕ್ಕರಿ ಕೊಡ್ರಿ," ಎಂದಳು. ಹೆಸರಿಗೆ ಮರ್ಯಾದೆ ಇಲ್ಲ, ಬಾಲಕ್ಕೆ ಮಾತ್ರ ಮರ್ಯಾದೆ. ನನ್ನ ತಮ್ಮ ನಾಚಿ ಕೆಂಪಾಗಿ ಸಕ್ಕರೆ ಡಬ್ಬಿಯ ಬದಲು ಉಪ್ಪಿನ ಡಬ್ಬಿ ಕೊಟ್ಟ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ಬಾಯಿ ತೆರೆದೆ. ತುಟಿ ಕೂಡಿತು, ದನಿ ಹೊರಡಲಿಲ್ಲ. "ಒಡಪು ಹಾಕಿ ಹೇಳ್ತೀನಿ ಬೇಕಾದ್ರ," ಎಂದೆ. ಹೂಂ ಎಂದರು. ಅಲ್ಲೇ ಕಟ್ಟಿದೆ:

"ಕಡಲಾನ ಹಕ್ಕೀಗಿ ಕರೀ ಕೋಟು ಬಿಳೀ ಅಂಗಿ,
ಹೆಸರ ಹೇಳಂತಾಳ ಬೆಂಗಳೂರಿನ ತಂಗಿ,
ಹೇಳತೇನಿ ಕೇಳವ್ವ ನಿಂತ..."

"ಅಕ್ಕಾ," ಎಂದು ವಿರುಪಾಕ್ಷ ನಡುವೆ ಬಾಯಿ ಹಾಕಿದ, "ನಿನ್ನ ಒಡಪು ಮುಗಿಯೂದ್ರಾಗ ಮಾಮಾ ಸೈಕಲ್ ಮ್ಯಾಲ ಟ್ಯಾಸ್ಮೇನಿಯಾ ಮುಟ್ಟಿರ್ತಾರ!"

ಇವರೂ ನಕ್ಕರು. ಆಮೇಲೆ ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುವಂತೆ ಹೇಳಿದರು. "ನಾಳೆ ಒಂದ ಸಲ ನೋಡ್ತೀನಿ. ಆದರ ಇನ್ನೊಮ್ಮೆ ಬಿದ್ದೆನಂದ್ರ ಸೈಕಲ್ ಅಷ್ಟ ಅಲ್ಲ, ವಾಕಿಂಗೂ ಬಂದ್. ಆಮ್ಯಾಲ ನನ್ನ ಯಾರೂ ಏನೂ ಕೇಳಬ್ಯಾಡ್ರಿ. ಚನ್ನವ್ವ, ನೀನೂ." ನಾನು ಅವರ ಮುಂದೆಯೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ತೋರಿಸಿದೆ.

ಮರುದಿನ ಗಾಳಿ ಬೆನ್ನಿಗಿತ್ತು. ಕೌಸ್‌ನಿಂದ ರಿಲ್ ಎಂಬ ಪುಟ್ಟ ಊರಿಗೆ ಹೊರಟೆವು. ದಾರಿಯುದ್ದಕ್ಕೂ ಒಣಗಿದ ಹುಲ್ಲುಗಾವಲು, ಬೇಲಿಯಾಚೆ ಮಧ್ಯಾಹ್ನದ ನಿದ್ದೆ ಮಾಡುವ ದನಗಳು, ಒಂದು ಪೊದೆಯ ಹಿಂದೆ ಕಿವಿ ನಿಮಿರಿಸಿ ನಿಂತ ವಾಲಬಿ ಎಂಬ ಮರಿ ಕಾಂಗರೂವಿನಂಥ ಪ್ರಾಣಿ. ಮ್ಯಾಂಗ್ರೋವ್ ಗಿಡಗಳ ನಡುವೆ ಹಾಕಿದ ಮರದ ಹಲಗೆಯ ಹಾದಿಯಲ್ಲಿ ಸೈಕಲ್ ನಿಲ್ಲಿಸಿ ನಡೆದೆವು, ಕೆಸರಿನಲ್ಲಿ ಓಡುವ ಏಡಿಗಳನ್ನು ನೋಡಿದೆವು, ಬೆಂಚಿನ ಮೇಲೆ ಕೂತು ರೊಟ್ಟಿ ಮುರಿದೆವು. ಇವರು ಎರಡು ರೊಟ್ಟಿ ತಿಂದು ಚಟ್ನಿ ಇನ್ನೂ ಐತೇನು ಎಂದು ಕೇಳಿದರು. ನಾನು ಬೆಳಿಗ್ಗೆಯಿಂದ ತುಟಿ ಪಿಟಕ್ಕೆಂದಿರಲಿಲ್ಲ. ಅವರು ಕಲ್ಲಿನ ಮೇಲೆ ಹಾಯ್ದಾಗ, ಕೈಬಿಟ್ಟು ಮೂಗು ಒರೆಸಿಕೊಂಡಾಗ, ಎದುರಿನವರಿಗೆ ಗಂಟೆ ಹೊಡೆಯಲು ಮರೆತಾಗ ಗಂಟಲವರೆಗೆ ಬಂದ 'ರೀ'ಯನ್ನು ನುಂಗಿಕೊಂಡೆ. ಹೊಟ್ಟೆ ಉಬ್ಬಿ ಬಂದಿತ್ತು.

ರಿಲ್ ಹತ್ತಿರ ದಾರಿ ಸಮುದ್ರದ ಕಡೆ ಇಳಿಯುತ್ತದೆ. ಇಳಿದು ಬಂದಲ್ಲಿ ಅದು ಎರಡಾಗುತ್ತದೆ. ಬಲಕ್ಕೆ ತಿರುಗಿದರೆ ದಂಡೆಯ ಹಾದಿ. ನೇರ ಹೋದರೆ ದೋಣಿಗಳನ್ನು ನೀರಿಗಿಳಿಸುವ ಕಾಂಕ್ರೀಟ್ ಇಳಿಜಾರು, ಅದರ ಕೆಳಭಾಗ ಪಾಚಿ ಕಟ್ಟಿ ಹಸಿರಾಗಿತ್ತು. ಇವರು ಎಲ್ಲರಿಗಿಂತ ಮುಂದೆ ಇದ್ದರು. ಎಡಗಡೆ ಕಂಬದ ಮೇಲೆ ಪೆಲಿಕನ್ ಒಂದು ಕೂತಿತ್ತು, ಅದನ್ನೇ ನೋಡುತ್ತಾ, ಶಾಲೆ ಬಿಟ್ಟ ಹುಡುಗನ ಹಾಗೆ ಪೆಡಲ್ ತುಳಿಯುವುದನ್ನೂ ನಿಲ್ಲಿಸಿ ಗಾಲಿಗಳನ್ನು ಓಡಲು ಬಿಟ್ಟಿದ್ದರು. ನೇರ ಇಳಿಜಾರಿನ ಕಡೆ ಹೊರಟಿದ್ದರು. ಅಲ್ಲಿ ಕೆಳಗೆ ಒಬ್ಬ ಮುದುಕ ತನ್ನ ಗಾಡಿಗೆ ಕಟ್ಟಿದ ಟ್ರೇಲರನ್ನು ಹಿಂದೆ ಹಿಂದೆ ಒತ್ತುತ್ತಿದ್ದ.

ಕೂಗಿದರೆ ಬೆದರಿ ಬೀಳುತ್ತಾರೆ. ಬಿದ್ದರೆ ನನ್ನ ಕೆಲಸ ಎಲ್ಲ ಮಣ್ಣುಪಾಲು. ಕೂಗದಿದ್ದರೆ ಟ್ರೇಲರಿನ ಕೆಳಗೋ ನೀರಿಗೋ ಹೋಗುತ್ತಾರೆ.

"ರೀ!" ಎಂದೆ.

ನನ್ನ ಹಿಂದೆ ವಿರುಪಾಕ್ಷನ ಬ್ರೇಕ್ ಕಿರುಗುಟ್ಟಿತು. ಇವರು ಹಿಂದೆ ತಿರುಗದೆ ಎಡಗೈ ಮೇಲೆತ್ತಿ, ಇಲ್ಲ ಇಲ್ಲ ಎಂಬಂತೆ ಆಡಿಸಿದರು. ರೂಲ್ ಎಂದರೆ ರೂಲ್! ಸೈಕಲ್ ಇನ್ನಷ್ಟು ಜೋರಾಗಿ ಇಳಿಯಿತು.

"ರೀ, ನಿಲ್ರೀ!"

ಮತ್ತೆ ಕೈ ಆಡಿತು. ಕತ್ತು ಪೆಲಿಕನ್ ಕಡೆಯೇ ಇತ್ತು.

ಒಡಪು ಕಟ್ಟಲು ಪುರುಸೊತ್ತು ಎಲ್ಲಿತ್ತು? ಅಂಗಿ, ತಂಗಿ ಎಲ್ಲ ಮರೆತುಹೋಯಿತು. ಎಲ್ಲಿಂದ ಬಂತೋ ಆ ದನಿ, ನನ್ನದೇ ಹೌದೋ ಅಲ್ಲವೋ ಎನಿಸುವಂಥ ದನಿ.

"ಬಾಳಪ್ಪಾ!"

ಪೆಲಿಕನ್ ಹಾರಿಹೋಯಿತು. ಗಾಡಿಯ ಮುದುಕ ಕಿಟಕಿಯಿಂದ ತಲೆ ಹೊರಗೆ ಹಾಕಿದ. ನೀಲಿ ಸೈಕಲ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವರು ಇಳಿಜಾರಿನ ನಡುವೆ ಎರಡೂ ಕಾಲು ನೆಲಕ್ಕೆ ಊರಿ, ಹ್ಯಾಂಡಲ್ ಬಿಗಿಯಾಗಿ ಹಿಡಿದು ನಿಂತಿದ್ದರು. ಬಿದ್ದಿರಲಿಲ್ಲ. ಮುಂದಿನ ಗಾಲಿಯಿಂದ ಒಂದು ಮೊಳ ದೂರದಲ್ಲಿ ಪಾಚಿ ಶುರುವಾಗಿತ್ತು.

"ಯೂ ರೈಟ್, ಮೇಟ್?" ಎಂದು ಮುದುಕ ಕೇಳಿದ.

ಇವರು ಹಿಂದೆ ತಿರುಗಿ ನನ್ನನ್ನೇ ನೋಡುತ್ತಿದ್ದರು. ನಾನು ಸೈಕಲ್ ಅಲ್ಲೇ ಬಿಸಾಕಿ ಓಡಿದೆ. ಗಂಡನ ಹೆಸರು ಹಿಡಿದು ಕೂಗಿದ್ದೆ, ಅದೂ ಬೀದಿಯಲ್ಲಿ, ತಮ್ಮನ ಎದುರಿಗೆ, ಹಿಂದೆ ರಾಯರೂ ಇಲ್ಲ, ಮುಂದೆ ಶ್ರೀಯೂ ಇಲ್ಲ. ಬೈಯುತ್ತಾರೆ ಎಂದುಕೊಂಡೆ.

"ತಪ್ಪಾತ್ರಿ," ಎಂದೆ ಏದುಸಿರು ಬಿಡುತ್ತಾ. "ಬಾಯಿಗೆ ಬಂದುಬಿಡ್ತು."

"ನೀನಾ ಕರದಿದ್ದು?"

"ಹೂಂ."

"ನಾ ಗಾಬರ್ಯಾಗಿ ನಿಂತೆ," ಎಂದರು. ಆಮೇಲೆ ಸಮುದ್ರದ ಕಡೆ ನೋಡಿದರು. "ಆಫೀಸಿನಾಗ ಬಾಲ್ ಅಂದ್ರು, ಇಲ್ಲಿ ಹುಡುಗೂರು ಅಂಕಲ್ ಅಂತಾವ, ನಿನ್ನ ತಮ್ಮಗ ನಾ ಮಾಮಾ. ನಮ್ಮವ್ವ ಹೋದ ಮ್ಯಾಲ ಹಂಗ ನನ್ನ ಯಾರೂ ಕರದಿದ್ದಿಲ್ಲ, ಚನ್ನವ್ವ." ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಬಂತು, ಗಾಳಿಯ ಮೇಲೆ ಹಾಕಿ ಸೆರಗಿಲ್ಲದ ಚೂಡಿದಾರದ ತೋಳಿನಿಂದ ಒರೆಸಿಕೊಂಡೆ.

ಅಷ್ಟರಲ್ಲಿ ಉಳಿದವರು ಬಂದು ಸುತ್ತುಗಟ್ಟಿದರು. ಗಗನಾ ಕೂಗಾಡುತ್ತಾ ಚಪ್ಪಾಳೆ ತಟ್ಟಿದಳು. ವಿರುಪಾಕ್ಷ ಕಾರು ತರಿಸಲೇನು, ಕೂತುಕೊಳ್ಳುತ್ತೀರೇನು, ನೀರು ಬೇಕೇನು ಎಂದು ಒಂದೇ ಉಸಿರಿನಲ್ಲಿ ಕೇಳಿದ.

"ಕಾರು ಯಾಕ? ಎದಿ ಬಡಕೋಳಾಕತ್ತೇತಿ, ಆದರ ಚಲೋ ಬಡಕೋಳಾಕತ್ತೇತಿ," ಎಂದು ಇವರು ಸೈಕಲ್ ತಿರುಗಿಸಿಕೊಂಡರು. ಏರು ತಳ್ಳಿಕೊಂಡು ಬಂದು, ದಂಡೆಯ ಹಾದಿಗೆ ನಿಲ್ಲಿಸಿ, ಸೀಟಿನ ಮೇಲೆ ಕೂತು, ಒಂದು ಕಾಲು ಪೆಡಲ್ ಮೇಲಿಟ್ಟರು. ಹೊರಡಲಿಲ್ಲ. ಎಲ್ಲರೂ ಮುಂದೆ ಹೋಗಿ ಆಯಿತು. ಆದರೂ ಹೊರಡಲಿಲ್ಲ.

"ಏನಾತ್ರಿ?" ಎಂದೆ.

"ಈ ದ್ವೀಪದ ಮ್ಯಾಲ 'ರೀ' ನಡಿಯಂಗಿಲ್ಲ. ಸರಿಯಾಗಿ ಹೇಳಿದ್ರ ಹೊಂಡ್ತೀನಿ."

ಹಿಂದೆ ಮುಂದೆ ನೋಡಿದೆ. ಯಾರೂ ಇರಲಿಲ್ಲ. ಅವರ ಹತ್ತಿರ ಹೋಗಿ, ಅವರಿಗಷ್ಟೇ ಕೇಳುವ ಹಾಗೆ ಹೇಳಿದೆ.

"ಬಾಳಪ್ಪ, ನಡೀ."