ಇಪ್ಪತ್ತೆರಡನೆಯ ಚಿತ್ರ

ಆ ಹುಳಿ ವಾಸನೆ ಮತ್ತೆ ಬಾಗಿಲಿನ ಸಂದಿಯಿಂದ ಬಂತು, ಮೂವತ್ತೆಂಟು ವರ್ಷ ಆಕೆಯ ಬಚ್ಚಲುಮನೆಯಲ್ಲೇ ಬೀಡುಬಿಟ್ಟಿದ್ದ ವಾಸನೆ, ಅವರು ಕಿಟಕಿಗೆ ಕರಿಯ ಕಂಬಳಿ ಬಿಗಿದು ಫಿಲ್ಮ್ ತೊಳೆಯುತ್ತಿದ್ದಾಗ ಈ ಮನೆಯಲ್ಲಿ ಸ್ನಾನಕ್ಕೂ ಗತಿಯಿಲ್ಲ ಎಂದು ಆಕೆ ಹೊರಗೆ ನಿಂತು ಗೊಣಗುತ್ತಿದ್ದ ವಾಸನೆ — ಈಗ ಅವರಿಲ್ಲ, ಇಪ್ಪತ್ತಾರು ದಿನವಾಯಿತು ಗಂಡ ಹೋಗಿ, ವಾಸನೆ ಮಾತ್ರ ಈ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಬದುಕಿದೆ, ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿದೆ, ಒಳಗೆ ಸ್ಟುಡಿಯೋದ ಮುದುಕರು ಅವರ ಕೊನೆಯ ಫಿಲ್ಮ್ ತೊಳೆಯುತ್ತಿದ್ದಾರೆ, ಹೊರಗೆ ಬೆಂಚಿನ ಈ ತುದಿಯಲ್ಲಿ ಆಕೆ, ಆ ತುದಿಯಲ್ಲಿ ಆ ಮನುಷ್ಯ, ಎದ್ದು ಹೋಗಬಾರದೇ ಇವನು, ಮಾಡುವುದೆಲ್ಲ ಮಾಡಿ ಹೆಣ ಕಾಯುವವನ ಹಾಗೆ ಕೂತಿದ್ದಾನೆ, ನೀರು ತರಲಾ ಅಕ್ಕ ಎನ್ನುತ್ತಾನೆ, ಬೇಡ, ನಿನ್ನ ಕೈಯ ನೀರು ಬೇಡ. ಅವರು ಇವನಿಗೆ ಇಟ್ಟ ಹೆಸರು ಮ್ಯೂಸಿಯಂ. ಬಂತು ನೋಡೇ ಮ್ಯೂಸಿಯಂ, ಕಾಫಿ ಇಡು ಎನ್ನುತ್ತಿದ್ದರು, ಇವನೂ ನಗುತ್ತಲೇ ಒಳಗೆ ಬರುತ್ತಿದ್ದ. ಮುನ್ನೂರು ಹಳೆಯ ಕ್ಯಾಮೆರಾಗಳಂತೆ ಇವನ ಮನೆಯಲ್ಲಿ, ಗಾಜಿನ ಬೀರುಗಳಂತೆ, ಒಂದೊಂದಕ್ಕೂ ಚರ್ಮದ ಚೀಲ, ಕುಂಚ, ಮೃದುವಾದ ಬಟ್ಟೆ, ಒಂದಕ್ಕಾದರೂ ಫಿಲ್ಮ್ ಹಾಕಿದವನಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ. ಅವರ ಬಳಿ ಇದ್ದದ್ದು ಹದಿನಾಲ್ಕೇ, ಹದಿನಾಲ್ಕೂ ದುಡಿಯುತ್ತಿದ್ದವು, ಸರದಿಯ ಮೇಲೆ, ಕ್ಯಾಮೆರಾ ಅಂದ್ರೆ ಎತ್ತು ಕಣೇ, ಕಟ್ಟಿ ಹಾಕಿದ್ರೆ ಕಾಲು ಹಿಡ್ಕೊಳ್ಳುತ್ತೆ ಎನ್ನುತ್ತಿದ್ದರು.

ಅದಕ್ಕೇ ತಾನೆ ಇವನನ್ನು ಕರೆಸಿದ್ದು, ತಿಂಗಳಿಗೊಮ್ಮೆಯಾದರೂ ಶಟರ್ ಹೊಡೆಯದಿದ್ದರೆ ಒಳಗಿನ ಎಣ್ಣೆ ಗಟ್ಟಿಯಾಗುತ್ತದೆ ಎಂದು ಅವರು ಹೇಳಿದ ಮಾತು ನೆನಪಿತ್ತು, ತನಗೆ ಮುಟ್ಟಲು ಧೈರ್ಯವಿರಲಿಲ್ಲ, ಬಂದು ಒಂದು ಸಲ ನೋಡಿಕೊಡಪ್ಪ ಎಂದು ತಾನೇ ಹೇಳಿಕಳಿಸಿದಳು, ತನ್ನ ಬಾಯಿಂದಲೇ. ನಾಲ್ಕು ದಿನದ ಹಿಂದೆ, ಬೆಳಗಿನ ಹತ್ತು ಗಂಟೆ, ಕಿಟಕಿಯ ಬಿಸಿಲು ಮೇಜಿನ ತುಂಬ, ಒಂದು ಎತ್ತಿದ, ಶಟರ್ ಹೊಡೆದ, ಇಟ್ಟ, ಇನ್ನೊಂದು ಎತ್ತಿದ, ಆಮೇಲೆ ಆ ಕರಿಯದು, ಅವರು ಕೊನೆಯ ತಿಂಗಳು ಕೊರಳಿಗೆ ಹಾಕಿಕೊಂಡೇ ಓಡಾಡಿದ್ದು, ಅದನ್ನೂ ಎತ್ತಿ ಬೆನ್ನು ತಿರುಗಿಸಿ ನೋಡಿದ, ಬೆನ್ನಿನ ಮೇಲೆ ಬೆರಳಗಲದ ಲೋಹದ ಚೌಕಟ್ಟು, ಖಾಲಿ, ಒಳಗಿನ ಶಟರ್ ನೋಡಲು ಎಡಗಡೆಯ ಗುಂಡಿ ಹಿಡಿದು ಮೇಲೆಳೆದ, ಟಕ್, ಬೆನ್ನು ತೆರೆಯಿತು, ಒಳಗೆ ಮೀನಿನ ಹೊಟ್ಟೆಯ ಹಾಗೆ ಹೊಳೆಯುವ ಫಿಲ್ಮ್, ಅದರ ಮೇಲೆ ಕಿಟಕಿಯ ಬಿಸಿಲು. ಅಯ್ಯೋ ಎಂದದ್ದು ಅವನೇ. ಫಟ್ಟನೆ ಮುಚ್ಚಿದ. ಒಂದ್ ಸೆಕೆಂಡು ಅಕ್ಕ, ಒಂದೇ ಸೆಕೆಂಡು. ಫಿಲ್ಮಿಗೆ ಒಂದು ಸೆಕೆಂಡು ಎಂದರೆ ಎಷ್ಟೆಂದು ಅಡುಗೆಮನೆಯಲ್ಲಿ ಕಾಲ ಕಳೆದ ಆಕೆಗೂ ಗೊತ್ತು, ಸೆಕೆಂಡಿನ ನೂರರಲ್ಲೊಂದು ಪಾಲು ಸಾಕು ಒಂದು ಮುಖಕ್ಕೆ! ಬೆನ್ನು ತೆರೆಯುವ ಮೊದಲು ಆ ಗುಂಡಿಯನ್ನು ಒಂದು ಸುತ್ತು ತಿರುಗಿಸಿ ನೋಡಬೇಕು, ಬಿಗಿ ಸಿಕ್ಕಿದರೆ ಒಳಗೆ ಫಿಲ್ಮ್ ಇದೆ, ಇದು ತನಗೇ ಗೊತ್ತು, ಮುನ್ನೂರು ಕ್ಯಾಮೆರಾದವನಿಗೆ ಗೊತ್ತಿಲ್ಲವೇ, ಬಾಣಲೆ ಬಿಸಿಯಿದೆಯೋ ಇಲ್ಲವೋ ಎಂದು ನೋಡದೆ ಯಾರಾದರೂ ಅಂಗೈ ಇಡುತ್ತಾರೆಯೇ, ಇವನಿಗೆ ಕ್ಯಾಮೆರಾದೊಳಗೆ ಫಿಲ್ಮ್ ಇರಬಹುದೆಂದು ಹೊಳೆಯುವುದಾದರೂ ಹೇಗೆ, ಖಾಲಿ ಡಬ್ಬಿಗಳನ್ನು ಒರೆಸಿ ಒರೆಸಿ ಬುದ್ಧಿಯೂ ಖಾಲಿಯಾಗಿದೆ.

ಎದುರು ಗೋಡೆಯ ತುಂಬ ಮದುಮಕ್ಕಳ ಫೋಟೋ, ಮಕ್ಕಳ ಫೋಟೋ, ಯಾರ ಯಾರದೋ ಗಂಡಂದಿರು ಹಲ್ಲು ಕಿರಿದು ನಿಂತಿದ್ದಾರೆ, ಎಷ್ಟು ಅಗ್ಗವಾಗಿ ಸಿಕ್ಕಿವೆ ಅವರ ಮುಖಗಳು ಅವರವರ ಹೆಂಡತಿಯರಿಗೆ. ತನ್ನ ಮನೆಯಲ್ಲಿ ಮೂರು ಪೆಟ್ಟಿಗೆ ಫೋಟೋಗಳಿವೆ, ಒಂದರಲ್ಲೂ ಅವರಿಲ್ಲ, ಅವರದೆಂದು ಇರುವುದು ಬೇರೆ ಎರಡೇ, ಮದುವೆಯದೊಂದು, ಅದರಲ್ಲಿ ಅವರು ಮೀಸೆ ಬಾರದ ಬಡಕಲು ಹುಡುಗ, ಕಚೇರಿಯ ಗುರುತಿನ ಚೀಟಿಯದೊಂದು, ಅದರಲ್ಲಿ ಕಳ್ಳನ ಹಾಗಿದ್ದಾರೆ, ಉಳಿದ ಅಷ್ಟು ವರ್ಷ ಕ್ಯಾಮೆರಾದ ಹಿಂದೆ. ಆ ದಿನ ಅವರಿಗೇ ಏನನ್ನಿಸಿತೋ, ದೇವರೇ ನುಡಿಸಿದನೋ, ಇವತ್ತು ನೀನು ತೆಗಿ ಎಂದರು. ನನಗೆ ಬರಲ್ಲ ಎಂದಳು. ದೂರ ತಾವೇ ಅಳೆದರು, ಬೆಳಕು ತಾವೇ ಲೆಕ್ಕ ಹಾಕಿದರು, ಪಟ್ಟಿಯನ್ನು ಆಕೆಯ ಕೊರಳಿಗೆ ಹಾಕಿದರು, ನೆಲದ ಒಂದು ಕಲ್ಲು ತೋರಿಸಿ ಇದರ ಮೇಲಿಂದ ಕದಲಬೇಡ ಎಂದರು, ಹೋಗಿ ಮೆಟ್ಟಿಲ ಮೇಲೆ ಕೂತರು, ಕೂತ ಮೇಲೆ ನೋಡು, ಆ ಮನುಷ್ಯ, ಊರಿಗೆಲ್ಲ ಹೀಗೆ ಕೂರಿ ಹಾಗೆ ತಿರುಗಿ ಎಂದು ಹೇಳಿದ ಮನುಷ್ಯ, ತಬ್ಬಿಬ್ಬಾಗಿ ಕೇಳಿದರು, ಕೈ ಎಲ್ಲಿಡಲೇ? ಆಕೆಗೆ ನಗು ತಡೆಯಲಾಗಲಿಲ್ಲ, ಒತ್ತಿದಳು, ಒತ್ತುವಾಗ ಕಣ್ಣು ಮುಚ್ಚಿಹೋಯಿತು. ಅಯ್ಯೋ ರೀ, ನಾನು ಕಣ್ಣು ಮುಚ್ಚಿಬಿಟ್ಟೆ, ನಿಮ್ಮನ್ನ ನೋಡಲೇ ಇಲ್ಲ. ನೀನು ಮುಚ್ಚಿದ್ರೆ ಏನೀಗ, ಅದು ತೆರೆದಿರುತ್ತಲ್ಲ ಎಂದರು. ಇಪ್ಪತ್ತೆರಡು ಎಂದು ಅಂಕಿ ಓದಿದರು. ಮೂವತ್ತಾರರಲ್ಲಿ ಉಳಿದ ಹದಿನಾಲ್ಕು ತೆಗೆಯಲು ಪುರಸೊತ್ತಾಗಲಿಲ್ಲ, ಮೂರನೆಯ ದಿನ ಹೋಗಿಬಿಟ್ಟರು. ಆ ಕ್ಷಣದ ಅವರನ್ನು ಆಕೆ ನೋಡಿಲ್ಲ, ಲೋಕದಲ್ಲಿ ಯಾರೂ ನೋಡಿಲ್ಲ, ನೋಡಿದ್ದು ಆ ಫಿಲ್ಮ್ ಒಂದೇ, ಅದರ ಕಣ್ಣಿಗೆ ಇವನು ಬಿಸಿಲು ಸುರಿದ.

ಭಗವಂತ, ನಿನಗಾದರೂ ಕಣ್ಣಿಲ್ಲವೇ, ಐವತ್ತು ವರ್ಷ ಹೊತ್ತು ತಪ್ಪದೆ ನಿನ್ನೆದುರು ಕೈಮುಗಿದೆನಲ್ಲ, ಕೇಳಿದ್ದಾದರೂ ಏನು, ಒಂದು ಮುಖ. ಮಡಿಲಿನಲ್ಲಿ ಪ್ರಾರ್ಥನೆಯ ಪುಸ್ತಕ ಭಾರವಾಗಿದೆ, ಅಭ್ಯಾಸದ ಮೇಲೆ ತಂದಳು, ನಾಲ್ಕು ದಿನದಿಂದ ತೆರೆದಿಲ್ಲ, ಹೊಟ್ಟೆಯಲ್ಲಿ ಕೋಪ ಇಟ್ಟುಕೊಂಡು ದೇವರ ಮುಂದೆ ಕೂರಬಾರದೆಂದು ಅಪ್ಪ ಹೇಳುತ್ತಿದ್ದರು. ಅಕ್ಕ, ಒಂದ್ ಮಾತು ಹೇಳ್ತೀನಿ, ಆಮೇಲೆ ಬೇಕಾದ್ರೆ ಹೊಡೀರಿ, ಎಂದ ಇವನು, ಕೈಯಲ್ಲಿ ಆ ಕರಿಯ ಕ್ಯಾಮೆರಾ, ಈಗ ನಿಜಕ್ಕೂ ಖಾಲಿಯಾಗಿರುವುದು. ಅಣ್ಣ ಫಿಲ್ಮ್ ಹಾಕಿದ್ರೆ ಡಬ್ಬಿಯ ರಟ್ಟು ಹರಿದು, ತಾರೀಕು ಬರೆದು, ಇಲ್ಲಿ ಬೆನ್ನಿನ ಚೌಕಟ್ಟಿಗೆ ಸಿಕ್ಕಿಸ್ತಿದ್ರು, ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಮರೆತದ್ದಿಲ್ಲ, ನಾನು ಗುಂಡಿ ತಿರುಗಿಸಲಿಲ್ಲ, ತಪ್ಪೇ, ಆದ್ರೆ ಅವರ ಚೀಟಿಯ ಮೇಲೆ ನನಗಿದ್ದ ನಂಬಿಕೆ ನನ್ನ ಕೈಯ ಮೇಲೂ ಇಲ್ಲ ಅಕ್ಕ, ಚೀಟಿ ಇರಲಿಲ್ಲ. ಸುಳ್ಳು. ಸತ್ತವರ ತಲೆಗೆ ಕಟ್ಟುತ್ತೀಯಾ, ಅವರು ಮರೆತರು ಎನ್ನುತ್ತೀಯಾ, ಉಪ್ಪಿನ ಡಬ್ಬಿಗೂ ಚೀಟಿ ಅಂಟಿಸಿದವರು, ಸಕ್ಕರೆಗೂ ಉಪ್ಪಿಗೂ ವ್ಯತ್ಯಾಸ ನನಗೆ ಗೊತ್ತಾಗಲ್ವೇನ್ರೀ ಎಂದರೆ ನಿನಗೆ ಗೊತ್ತು, ನನಗೆ ಗೊತ್ತಾಗಬೇಡವೇ ಎಂದವರು, ಅವರು ಮರೆಯುವವರಲ್ಲ. ನಿನ್ನ ನಾಲಿಗೆ ಸೇದಿಹೋಗಲಿ ಎಂದು ಬಾಯಿಗೆ ಬಂದದ್ದನ್ನು ನುಂಗಿದಳು. ಇವನು ಕ್ಯಾಮೆರಾ ತಿರುಗಿಸಿ ಬೆನ್ನು ತೋರಿಸಿದ, ಆ ಲೋಹದ ಚೌಕಟ್ಟು, ನಾಲ್ಕು ಪುಟ್ಟ ಅಂಚು, ಖಾಲಿ, ಆಕೆ ಮುಖ ತಿರುಗಿಸಿದಳು.

ಕೆಂಪು ದೀಪ ಆರಿತು. ಮುದುಕರು ಹೊರಗೆ ಬಂದರು, ಕೈಯಲ್ಲಿ ನೀರು ತೊಟ್ಟಿಕ್ಕುವ ಫಿಲ್ಮ್, ಅದನ್ನು ಬೆಳಕಿಗೆ ಹಿಡಿದರು, ಒಳಸುತ್ತಿನಲ್ಲಿದ್ದವು ಉಳಿದಿವೆ ತಾಯಿ, ಹದಿನೇಳು ಚೆನ್ನಾಗಿ ಬಂದಿವೆ, ಎಲ್ಲ ನಿಮ್ಮವೇ. ತನ್ನವೇ — ತನ್ನ ಮೂತಿ ಕಟ್ಟಿಕೊಂಡು ತಾನೇನು ಮಾಡಲಿ, ಬೇಳೆ ಆರಿಸುವ ತಾನು, ಬಟ್ಟೆ ಮಡಿಸುವ ತಾನು, ಕಿಟಕಿಯಲ್ಲಿ ಪುಸ್ತಕ ಹಿಡಿದ ತಾನು, ಸಾಕು, ಕೊನೆಯದು? ಮುದುಕರ ಬೆರಳು ಕೆಳಗಿಳಿಯಿತು, ಹದಿನೆಂಟು ಮಸುಕು, ಹತ್ತೊಂಬತ್ತು ಇನ್ನೂ ಮಸುಕು, ಆಮೇಲೆ ಕಪ್ಪು, ಒಂದೇ ಸಮನಾದ ಕಪ್ಪು, ಬೆಳಕು ಬಿದ್ದಲ್ಲೆಲ್ಲ ಫಿಲ್ಮ್ ಕಪ್ಪಾಗುತ್ತದೆ ಎಂದು ಅವರು ಎಂದೋ ಹೇಳಿಕೊಟ್ಟಿದ್ದರು, ಮೆಟ್ಟಿಲೂ ಇಲ್ಲ, ಕೈಯೂ ಇಲ್ಲ. ಏನೂ ಮಾಡೋಕಾಗಲ್ಲ ತಾಯಿ ಎಂದರು ಮುದುಕರು. ಆ ತುದಿಯಲ್ಲಿ ಇವನು ಅಳುತ್ತಿದ್ದಾನೆ, ಐವತ್ತೈದು ದಾಟಿದ ಗಂಡಸು, ಅಳಲಿ, ಚೆನ್ನಾಗಿ ಅಳಲಿ, ನಿನ್ನ ಗಾಜಿನ ಬೀರುಗಳೆಲ್ಲ ಎಂದು ಶಾಪ ಬಾಯಿ ತುಂಬ ಏರಿ ಬಂತು, ಬೇಡ, ಶಾಪ ಹಾಕಿದ ಬಾಯಲ್ಲಿ ದೇವರ ಹೆಸರು ನಿಲ್ಲುವುದಿಲ್ಲ, ಒಂದು ಸಾಲು ಓದಿಕೊಂಡರೆ ಮನಸ್ಸು ತಣಿದೀತು ಎಂದು ಪುಸ್ತಕ ತೆರೆದಳು, ನಾಲ್ಕು ದಿನದ ಹಿಂದೆ ಗುರುತಿಟ್ಟು ನಿಲ್ಲಿಸಿದ್ದ ಪುಟ ತಾನಾಗಿ ತೆರೆದುಕೊಂಡಿತು, ಪುಟದ ನಡುವೆ ಗುರುತು, ಹಳದಿ ರಟ್ಟಿನ ಚೂರು, ಒಂದು ಅಂಚು ಹರಿದದ್ದು, ಅದರ ಮೇಲೆ ಬಲಕ್ಕೆ ವಾಲಿದ ಅವರ ಅಕ್ಷರದಲ್ಲಿ ತಾರೀಕು — ಅವರನ್ನು ಕಳಿಸಿಕೊಟ್ಟ ಸಂಜೆ, ಮನೆ ತುಂಬ ಜನ, ಅವರ ಕೈಬರಹ ಒಂದಾದರೂ ತನ್ನ ಹತ್ತಿರ ಇರಲಿ ಎಂದು ಹುಡುಕಿದ್ದು, ಗೂಟಕ್ಕೆ ತೂಗುತ್ತಿದ್ದ ಕರಿಯ ಕ್ಯಾಮೆರಾ, ಬೆನ್ನಿನ ಮೇಲೆ ಹಳದಿ, ಉಗುರಿನಿಂದ ಮೆಲ್ಲಗೆ ಮೀಟಿದ್ದು, ಎದೆಗೊತ್ತಿಕೊಂಡದ್ದು, ಯಾರೂ ನೋಡಲಿಲ್ಲವಲ್ಲ ಎಂದುಕೊಂಡದ್ದು, ಚೌಕಟ್ಟು, ನಾಲ್ಕು ಪುಟ್ಟ ಅಂಚು, ಅಕ್ಕ ಎನ್ನುತ್ತಿದ್ದಾನೆ ಇವನು, ಅಕ್ಕ, ಆಕೆ ಪುಸ್ತಕ ಮುಚ್ಚಲಾರಳು, ತೆರೆದಿಡಲಾರಳು, ಲೋಹದ ಚೌಕಟ್ಟು, ಅದರೊಳಗೆ ಮೆಲ್ಲಗೆ ಮೀಟುತ್ತಿರುವ ಒಂದು ಉಗುರು, ಆ ಉಗುರು.