ಖಾಲಿ ಟ್ಯೂಬು

ನಾಯಿಕೆಮ್ಮಿನ ಬ್ಯಾಕ್ಟೀರಿಯಾವನ್ನು ಬೇಗ ಪತ್ತೆಹಚ್ಚುವ ಪರೀಕ್ಷೆಯೊಂದಕ್ಕೆ ನಾನು ಮೂರು ವರ್ಷ ತೆತ್ತಿದ್ದೆ. ರೋಗಿಗಳ ಮಾದರಿಗಳೆಲ್ಲ ಮುಗಿದ ಮೇಲೆ ಕೊನೆಯ ಟ್ಯೂಬಿಗೆ ಬರೀ ನೀರು ಹಾಕುವುದು ನಮ್ಮ ಕ್ರಮ. ಅದರಲ್ಲಿ ಏನೂ ಕಾಣಿಸಬಾರದು. ಹತ್ತು ದಿನಗಳಿಂದ ಕಾಣಿಸುತ್ತಿತ್ತು.

ಬ್ಯಾಕ್ಟೀರಿಯಾ ಇದ್ದರೆ ಮಾತ್ರ ಏರಬೇಕಾದ ಗೆರೆ ಪರದೆಯ ಮೇಲೆ ನೀರಿನ ಟ್ಯೂಬಿಗೂ ಮತ್ತೆ ಏರಿದ್ದನ್ನು ಪ್ರಯೋಗಾಲಯದ ಮೇಡಂ ನೋಡಿದರು.

“ನೀರಿಗೂ ನಾಯಿಕೆಮ್ಮು ಬರಿಸಿದೆಯಲ್ಲಪ್ಪಾ! ಇದು ಸರಿಹೋಗೋವರೆಗೂ ರಜೆ ಅಂತ ಬಾಯಿ ಬಿಡಬೇಡ.”

ರಜೆ ಬೇಕಾಗಿದ್ದು ಅಕ್ಕನ ಮಗುವನ್ನು ನೋಡಲು. ಹುಟ್ಟಿ ಹನ್ನೆರಡು ದಿನ; ಲಸಿಕೆ ಹಾಕಿಸುವ ವಯಸ್ಸು ಇನ್ನೂ ದೂರವಿತ್ತು. ಅಕ್ಕ ದಿನವೂ ಫೋನು ಮಾಡುತ್ತಿದ್ದಳು.

“ಮಾವ ಅನ್ನೋನು ಇದ್ದಾನೋ ಇಲ್ವೋ ಅಂತ ಇವಳಿಗೇ ಅನುಮಾನ ಬಂದಿದೆ ಕಣೋ.”

“ಭಾನುವಾರ ಖಂಡಿತ ಬರ್ತೀನಿ ಅಕ್ಕ,” ಎಂದು ಕೆಮ್ಮಿದೆ.

“ಏನೋ ಅದು?”

“ಧೂಳು.”

ನೀರು ಬದಲಾಯಿಸಿದೆ. ಮೇಜನ್ನು ಬ್ಲೀಚು ಹಾಕಿ ಮೂರು ಸಲ ಒರೆಸಿದೆ. ಆ ಟ್ಯೂಬಿನ ಮೇಲೆ ನನಗೆ ಹಗೆಯೇ ಹುಟ್ಟಿತ್ತು. ಖಾಲಿ ಇರುವುದೊಂದೇ ಅದರ ಕೆಲಸ, ಅಷ್ಟೂ ಅದರ ಕೈಲಾಗುತ್ತಿರಲಿಲ್ಲ.

ಶನಿವಾರ ಮೇಡಂ ನನ್ನನ್ನು ಹೊರಗೆ ಕಳಿಸಿ ತಾವೇ ಪರೀಕ್ಷೆಗೆ ಕೂತರು. ಎರಡು ಗಂಟೆಯ ನಂತರ ನೋಡಿದರೆ ನೀರಿನ ಗೆರೆ ನೆಟ್ಟಗೆ ಮಲಗಿತ್ತು.

“ನನ್ನ ಕೈಲಿ ಸರಿಯಾಗೇ ಬಂತಲ್ಲ. ನೀನು ಹೇಗೆ ಮಾಡ್ತೀಯ, ತೋರಿಸು.”

ತೋರಿಸಿದೆ. ಕೊನೆಯ ಟ್ಯೂಬಿನ ಹೊತ್ತಿಗೆ ಎಂದಿನಂತೆ ಕನ್ನಡಕ ಮಂಜಾಯಿತು. ಎಂದಿನಂತೆ ಮಾಸ್ಕನ್ನು ಗಲ್ಲಕ್ಕೆ ಎಳೆದೆ, ಮುಚ್ಚಳ ತೆರೆದೆ, ಕೆಮ್ಮಿದೆ.

ಮೇಡಂ ಟ್ಯೂಬನ್ನು ಬಿಟ್ಟು ನನ್ನ ಬಾಯಿಯನ್ನೇ ನೋಡಿದರು. ಚಿಕ್ಕಂದಿನ ಲಸಿಕೆಯ ರಕ್ಷಣೆ ಬರುಬರುತ್ತ ಸವೆಯುತ್ತದೆ, ದೊಡ್ಡವರು ಈ ಕಾಯಿಲೆಯನ್ನು ಬರೀ ಕೆಮ್ಮೆಂದು ತಿಳಿದು ಓಡಾಡುತ್ತಾರೆ, ಎಳೆಗೂಸುಗಳಿಗೆ ತಗುಲಿದರೆ ಉಸಿರೇ ನಿಲ್ಲಬಹುದು ಎಂದು ನನ್ನ ಪ್ರಬಂಧದ ಮೊದಲ ಪುಟದಲ್ಲಿ ನಾನೇ ಬರೆದಿದ್ದೆ.

ಮೇಡಂ ನನ್ನ ಮೂಗಿಗೆ ಹತ್ತಿಕಡ್ಡಿ ತೂರಿಸಿ ಮಾದರಿ ತೆಗೆದರು. ಗೆರೆ ಗುಡ್ಡದಂತೆ ಎದ್ದಿತು.

“ನಮ್ಮ ಪರೀಕ್ಷೆ ಎಷ್ಟು ಚೆನ್ನಾಗಿ ಹಿಡೀತು ನೋಡೋ!” ಎಂದು ಹಿಗ್ಗಿದವರು ಮರುಕ್ಷಣವೇ ಎರಡು ಹೆಜ್ಜೆ ಹಿಂದೆ ಸರಿದರು. “ಮೊದಲು ಡಾಕ್ಟರ ಹತ್ರ ಹೋಗು. ರಜೆ ಎಷ್ಟು ಬೇಕೋ ಅಷ್ಟು ತಗೋ.”

ಅಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಆ ಕಡೆ ಮಗು ಉಸಿರಾಡುವುದು ಕೇಳಿಸುತ್ತಿತ್ತು, ಎಲ್ಲೂ ತಡೆಯಿಲ್ಲದೆ.

“ರಜೆ ಕೊಡಲ್ಲ ಅಂತ ನಿಮ್ಮ ಮೇಡಂಗೆ ಬೈದಿದ್ದೆಲ್ಲ ವಾಪಸ್ ತಗೊಂಡೆ ಕಣೋ,” ಎಂದಳು. “ನೀನು ಫೋನನ್ನ ಸ್ವಲ್ಪ ದೂರ ಹಿಡ್ಕೊಂಡು ಮಾತಾಡು.”

ದೂರ ಹಿಡಿದೆ.